ಮಗಳು ಟ್ಯೂಷನ್‌ನಲ್ಲಿದ್ದಳು, ಚುಕ್ಕಿ ಕೆರೆಯಲ್ಲಿತ್ತು

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹದಿನಾರು ವರ್ಷ, ಪ್ರಥಮ ಪಿಯುಸಿ. ಸಂಜೆ ಸರಸ್ವತಿಪುರಂನಲ್ಲಿ ಟ್ಯೂಷನ್ ಮುಗಿಸಿ ಬಸ್ಸಿನಲ್ಲಿ ಮನೆಗೆ ಬರುವಾಗ ಎಂಟೂವರೆಯಾಗುತ್ತದೆ. ಫೋನ್ ಕೊಡಿಸಿದ ದಿನವೇ ಅವಳಿರುವ ಜಾಗ ನನ್ನ ಮೊಬೈಲಿನ ಗೂಗಲ್ ಮ್ಯಾಪ್‌ನಲ್ಲಿ ಕಾಣುವಂತೆ ಮಾಡಿಕೊಂಡೆ. ಅವಳಿಗೆ ಹೇಳಿರಲಿಲ್ಲ. ಹೋದ ತಿಂಗಳು ಒಂದು ಸಂಜೆ ಏಳು ಗಂಟೆಗೆ ನೋಡಿದರೆ ಚುಕ್ಕಿ ಕುಕ್ಕರಹಳ್ಳಿ ಕೆರೆಯ ನಟ್ಟನಡುವೆ ಇತ್ತು. ಜೀವ ಬಾಯಿಗೆ ಬಂತು. ಹನ್ನೊಂದು ಸಲ ಕರೆ ಮಾಡಿದೆ, ಎತ್ತಲಿಲ್ಲ. ನಮ್ಮ ಯಜಮಾನರು ಸ್ಕೂಟರ್ ಹತ್ತಿ ಓಡಿದರು. ಅವಳು ತರಗತಿಯಲ್ಲೇ ಕುಳಿತಿದ್ದಳು, ಫೋನ್ ಸೈಲೆಂಟ್‌ನಲ್ಲಿ ಚೀಲದೊಳಗಿತ್ತು. ಎಲ್ಲರೆದುರು ಹೆಸರು ಹಿಡಿದು ಹೊರಗೆ ಕರೆದರು. ಅಂದಿನಿಂದ ನಮ್ಮೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತು. ಲೊಕೇಶನ್ ಆಫ್ ಮಾಡಿದ್ದಾಳೆ. ಈಗ ಯಜಮಾನರು ಅವಳಿಗೆ ಗೊತ್ತಾಗದಂತೆ ಮೆಸೇಜುಗಳನ್ನೂ ತೋರಿಸುವ ಆ್ಯಪ್ ಒಂದನ್ನು ಹಾಕೋಣ ಎನ್ನುತ್ತಿದ್ದಾರೆ. ತಾಯಿಯಾಗಿ ನಾನು ಮಾಡಿದ್ದು ತಪ್ಪೇ?
— ಹೆಸರು ಬೇಡ, ಮೈಸೂರು

ಉತ್ತರ: ಮೊದಲು ಕೆರೆಯ ವಿಚಾರ ಮುಗಿಸೋಣ. ಬಯಲಿನಲ್ಲಿದ್ದಾಗ ಫೋನು ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಕೆಲವೇ ಮೀಟರ್‌ಗಳ ಅಂತರದಲ್ಲಿ ಹೇಳಬಲ್ಲದು. ತಾರಸಿಯ ಕೆಳಗೆ, ಚೀಲದೊಳಗೆ ಆ ಸಂಕೇತ ಸರಿಯಾಗಿ ಸಿಗುವುದಿಲ್ಲ. ಆಗ ಸುತ್ತಲಿನ ವೈಫೈ ಮತ್ತು ಮೊಬೈಲ್ ಟವರ್‌ಗಳನ್ನು ನೋಡಿ ಅಂದಾಜು ಕಟ್ಟುತ್ತದೆ. ಬರೀ ಟವರ್ ನಂಬಿದ ಅಂದಾಜು ನೂರಾರು ಮೀಟರ್ ತಪ್ಪುವುದು ಮಾಮೂಲು. ಸರಸ್ವತಿಪುರಂ ಪಕ್ಕದಲ್ಲೇ ಕೆರೆಯಿದೆ, ಚುಕ್ಕಿ ಹೋಗಿ ನೀರಿಗೆ ಬಿದ್ದಿದೆ. ಆ ಮಾಹಿತಿ ಎಷ್ಟು ನಿಮಿಷ ಹಳೆಯದು ಎಂಬುದನ್ನೂ ಮ್ಯಾಪ್ ತೋರಿಸುತ್ತದೆ. ಗಾಬರಿಯಲ್ಲಿದ್ದವರು ಅದನ್ನೆಲ್ಲ ಎಲ್ಲಿ ಓದುತ್ತಾರೆ?

ಕತ್ತಲಾದ ಮೇಲೆ ಬಸ್ಸಿನಲ್ಲಿ ಬರುವ ಮಗಳು ಎಲ್ಲಿದ್ದಾಳೆಂದು ತಿಳಿಯಬೇಕೆನಿಸುವುದು ತಪ್ಪೇನೂ ಅಲ್ಲ. ಹೇಳದೆ ನೋಡಿದಿರಲ್ಲ, ಅದು ತಪ್ಪು. ಅವಳ ಜಾಗದಲ್ಲಿ ನಿಂತು ಯೋಚಿಸಿ. ಇಷ್ಟು ದಿನ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ "ಇವತ್ತು ಬಸ್ ತಡ ಅಮ್ಮಾ" ಎಂದಾಗ ನಿಮಗೆ ಅದು ಮೊದಲೇ ಗೊತ್ತಿತ್ತು, ಗೊತ್ತಿಲ್ಲದವರಂತೆ ಕೇಳಿಸಿಕೊಂಡಿರಿ. ಈಗ ಅವಳು ಅಂತಹ ಒಂದೊಂದು ಸಂಜೆಯನ್ನೂ ನೆನೆದು, ಅಮ್ಮ ನನ್ನನ್ನು ಪರೀಕ್ಷಿಸುತ್ತಿದ್ದಳೇ ಎಂದು ಲೆಕ್ಕ ಹಾಕುತ್ತಿರುತ್ತಾಳೆ. ತರಗತಿಯೆದುರು ಆದ ಅವಮಾನ ನಾಲ್ಕು ದಿನದಲ್ಲಿ ಮರೆಯಬಹುದು, ಈ ಲೆಕ್ಕ ಅಷ್ಟು ಬೇಗ ಮುಗಿಯುವುದಿಲ್ಲ.

ಯಜಮಾನರ ಆ್ಯಪ್ ಬೇಡವೇ ಬೇಡ. ನೀವು ಚಾಪೆಯ ಕೆಳಗೆ ತೂರಿದರೆ ಅವಳು ರಂಗೋಲಿಯ ಕೆಳಗೆ ತೂರುತ್ತಾಳೆ. ಫೋನನ್ನು ಗೆಳತಿಯ ಕೈಗೆ ಕೊಟ್ಟು ಟ್ಯೂಷನ್‌ನಲ್ಲೇ ಕೂರಿಸಿ ತಾನು ಬೇರೆಡೆ ಹೋಗುವುದು ಹದಿನಾರರ ಹುಡುಗಿಗೆ ದೊಡ್ಡ ವಿದ್ಯೆಯಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಕದ್ದು ನೋಡುವ ಆ್ಯಪ್ ನಿಮ್ಮ ಮಗಳ ಸಂದೇಶಗಳನ್ನು, ಚಿತ್ರಗಳನ್ನು ಯಾವುದೋ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಅಂಥದ್ದೇ ಎಂಸ್ಪೈ ಎಂಬ ತಂತ್ರಾಂಶದ ಗ್ರಾಹಕರ ಮಾಹಿತಿ 2015ರಲ್ಲಿ ಸೋರಿಹೋಗಿ ಅಂತರ್ಜಾಲದಲ್ಲಿ ಹರಡಿತ್ತು, 2024ರಲ್ಲಿ ಮತ್ತೆ ಸೋರಿತು. ಮಗಳನ್ನು ಕಾಯಲು ಹೋಗಿ ಅವಳ ಖಾಸಗಿ ಮಾತುಗಳನ್ನು ಬೀದಿಗೆ ಇಟ್ಟಂತಾಗುತ್ತದೆ.

ಕಾನೂನು ಏನನ್ನುತ್ತದೆ ಎಂದು ಕೆಲವು ತಂದೆಯರು ನನ್ನನ್ನು ಕೇಳುವುದುಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಜಾಡು ಹಿಡಿಯದಂತೆ ಕಂಪನಿಗಳಿಗೆ ಕಡಿವಾಣ ಹಾಕಿದೆ. ಮನೆಮಂದಿಯ ಖಾಸಗಿ ಬಳಕೆಗೆ ಮಾತ್ರ ಆ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ಹೊಸ್ತಿಲೊಳಗಿನ ಗೆರೆಯನ್ನು ನೀವು ಮೂವರೇ ಕೂತು ಎಳೆದುಕೊಳ್ಳಬೇಕು.

ಕೂತು ಎಂದರೆ ಪಂಚಾಯಿತಿ ಸೇರಿಸಬೇಡಿ. ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚುವಾಗಲೋ, ಇಬ್ಬರೂ ಅವರೆಕಾಯಿ ಸುಲಿಯುವಾಗಲೋ, ಮುಖ ಮುಖ ನೋಡಬೇಕಿಲ್ಲದ ಹೊತ್ತಿನಲ್ಲಿ, "ನಿನಗೆ ಹೇಳದೆ ನೋಡುತ್ತಿದ್ದೆ, ತಪ್ಪಾಯಿತು" ಎಂದಷ್ಟೇ ಹೇಳಿ. ಅದರ ಬೆನ್ನಿಗೇ "ಆದರೆ ನೀನೂ..." ಎಂದು ಸೇರಿಸಬೇಡಿ. ಅವಳು ಉತ್ತರಿಸದಿದ್ದರೂ ಸುಮ್ಮನಿರಿ. ಒಂದು ವಾರ ಬಿಟ್ಟು ಮುಂದಿನ ಮಾತು.

ಆಗ ಕೇಳಬೇಕಾದದ್ದು ದಿನವಿಡೀ ತೆರೆದಿರುವ ಲೊಕೇಶನ್ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಅನ್ನು 15 ನಿಮಿಷಕ್ಕೆ, 1 ಗಂಟೆಗೆ ಅಥವಾ 8 ಗಂಟೆಗೆ ಹಂಚಿಕೊಳ್ಳಬಹುದು, ಅವಧಿ ಮುಗಿದೊಡನೆ ತಾನೇ ನಿಲ್ಲುತ್ತದೆ. ಬಸ್ ಹತ್ತಿದಾಗ ಅವಳೇ ಒಂದು ಗಂಟೆಗೆ ಒತ್ತಲಿ. ನೀವು ತಡವಾಗಿ ಮನೆಗೆ ಬರುವ ದಿನ ನಿಮ್ಮದನ್ನೂ ಅವಳಿಗೆ ಕಳಿಸಿ, ಯಜಮಾನರೂ ಕಳಿಸಲಿ. ಹಗಲಿನಲ್ಲಿ ಅವಳು ಗೆಳತಿಯರೊಂದಿಗೆ ಯಾವ ಬೇಕರಿಯಲ್ಲಿ ಪಫ್ಸ್ ತಿನ್ನುತ್ತಿದ್ದಾಳೆ ಎಂಬುದು ನಿಮಗೆ ತಿಳಿಯದಿದ್ದರೆ ಏನೂ ಮುಳುಗುವುದಿಲ್ಲ.

ಇನ್ನೊಂದು ಮಾತು. ಬಸ್ ಸ್ಟಾಪಿನಿಂದ ಮನೆಯವರೆಗಿನ ದಾರಿಯಲ್ಲಿ ಬೀದಿದೀಪ ಉರಿಯುತ್ತದೆಯೇ? ಮ್ಯಾಪ್ ನೋಡುವ ಹತ್ತು ನಿಮಿಷದಲ್ಲಿ ಯಜಮಾನರು ಸ್ಟಾಪಿಗೇ ಹೋಗಿ ನಿಲ್ಲಬಹುದಲ್ಲವೇ? ಬ್ಯಾಟರಿ ಮುಗಿದರೆ ಚುಕ್ಕಿಯೂ ಇಲ್ಲ, ಕರೆಯೂ ಇಲ್ಲ. ನಿಮ್ಮಿಬ್ಬರ ನಂಬರ್ ಅವಳಿಗೆ ಬಾಯಿಪಾಠವಿದೆಯೇ ಎಂದು ಒಮ್ಮೆ ಕೇಳಿ ನೋಡಿ. ಈಗಿನ ಮಕ್ಕಳಿಗೆ ಇರುವುದಿಲ್ಲ, ನಮಗೂ ಇರುವುದಿಲ್ಲ. ತುರ್ತಿಗೆ 112 ಎಂಬುದೂ ಬಾಯಿಗೆ ಬರಲಿ. ಯಾರೋ ಬೆದರಿಸುತ್ತಿದ್ದಾರೆ, ಹಿಂಬಾಲಿಸುತ್ತಿದ್ದಾರೆ ಎಂಬ ನಿಜವಾದ ಸುಳಿವು ಸಿಕ್ಕರೆ ಮಾತ್ರ ಲೆಕ್ಕವೇ ಬೇರೆ. ಆಗಲೂ ಕದ್ದು ನೋಡುತ್ತಾ ಕೂರದೆ ಅವಳನ್ನೇ ಕೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಒಂದು ದಿನ ಅವಳು ನಿಜವಾಗಿಯೂ ಸುಳ್ಳು ಹೇಳಿ ಎಲ್ಲಿಗೋ ಹೋಗಬಹುದು, ಅಲ್ಲಿ ಏನೋ ಎಡವಟ್ಟಾಗಬಹುದು. ಆ ಹೊತ್ತಿನಲ್ಲಿ ಅವಳು ಮೊದಲು ನಿಮಗೇ ಫೋನ್ ಮಾಡಬೇಕು. "ಎಲ್ಲಿಂದ ಕರೆದರೂ ಮೊದಲು ಬಂದು ಕರೆದುಕೊಂಡು ಹೋಗುತ್ತೇವೆ, ಬೈಗುಳ ಏನಿದ್ದರೂ ಮರುದಿನ" ಎಂದು ಅವಳಿಗೆ ಹೇಳಿಡಿ. ಯಜಮಾನರೂ ಇದನ್ನು ಒಪ್ಪಬೇಕು. ಅವರನ್ನು ಒಪ್ಪಿಸುವುದೇ ಕಷ್ಟವಾದೀತು. ಅಷ್ಟರೊಳಗೆ ಟ್ಯೂಷನ್ ಮೇಷ್ಟ್ರ ನಂಬರ್ ಅನ್ನು ನಿಮ್ಮಿಬ್ಬರ ಫೋನಿನಲ್ಲೂ ಸೇವ್ ಮಾಡಿಕೊಳ್ಳಿ. ಅಂದು ಅದೊಂದಿದ್ದಿದ್ದರೆ ಸ್ಕೂಟರ್ ಹೊರಗೆ ತೆಗೆಯಬೇಕಾಗಿರಲಿಲ್ಲ.