ಹಳೆಯ ಕೊಲೆ ಕೇಸುಗಳನ್ನು ಲೇಖಕರು ನಿಜಕ್ಕೂ ಬಿಡಿಸುತ್ತಾರಾ?

ನೀವು ಕೇಳಿದ್ದು ಇಷ್ಟು. ನೂರು, ನೂರೈವತ್ತು ವರ್ಷ ಹಳೆಯ ಕೊಲೆಗಳ ಬಗ್ಗೆ ಬರೆಯುವವರು ನಿಜವಾಗಿ ಏನಾದರೂ ಪತ್ತೆ ಮಾಡುತ್ತಾರಾ, ಇಲ್ಲ ಸುಮ್ನೆ ಕಥೆ ಕಟ್ಟುತ್ತಾರಾ? ಅಂಥ ಪುಸ್ತಕವನ್ನು ಎಷ್ಟು ನಂಬಬೇಕು ಅಂತ ತಿಳಿಯುವುದು ಹೇಗೆ? ಓದಲು ಶುರು ಮಾಡುವುದು ಎಲ್ಲಿಂದ?

ನಾನು ಪೊಲೀಸೂ ಅಲ್ಲ, ವಕೀಲನೂ ಅಲ್ಲ. ಇಂಥ ಪುಸ್ತಕಗಳ ಚಟ ಹತ್ತಿಸಿಕೊಂಡ ಓದುಗ, ಅಷ್ಟೇ. ಮೊದಮೊದಲು ಕೊನೆಯ ಅಧ್ಯಾಯವನ್ನೇ ಮೊದಲು ಓದುತ್ತಿದ್ದೆ. ಕೊಂದವನ ಹೆಸರು ಗೊತ್ತಾದರೆ ಸಾಕಿತ್ತು. ಈಗ ಆ ಅಧ್ಯಾಯದ ಮೇಲೇ ನನಗೆ ನಂಬಿಕೆ ಕಡಿಮೆ. ಇಷ್ಟು ವರ್ಷ ಓದಿದ ಮೇಲೆ ಅನಿಸಿದ್ದೇನೆಂದರೆ, ‘ಇವನೇ ಕೊಂದದ್ದು’ ಎಂದು ಹೊರಟ ಲೇಖಕರು ಹೆಚ್ಚಿನ ಸಲ ಎಡವಿದ್ದಾರೆ. ‘ಇವನು ಕೊಂದಿಲ್ಲ’ ಎಂದು ತೋರಿಸಲು ಹೊರಟವರು ಎಷ್ಟೋ ಸಲ ಗೆದ್ದಿದ್ದಾರೆ.

ಆಸ್ಕರ್ ಸ್ಲೇಟರ್ ಪ್ರಕರಣ ನೋಡಿ. 1908ರ ಡಿಸೆಂಬರ್ 21ರ ಸಂಜೆ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ. ಮೇರಿಯನ್ ಗಿಲ್‌ಕ್ರಿಸ್ಟ್ ಎಂಬ, ಎಂಬತ್ತು ದಾಟಿದ ಶ್ರೀಮಂತ ಮುದುಕಿ ಮನೆಯಲ್ಲಿ ಒಬ್ಬರೇ ಇದ್ದರು. ಕೆಲಸದ ಹುಡುಗಿ ಪೇಪರ್ ತರಲು ಹೋಗಿದ್ದು ಹತ್ತು ನಿಮಿಷದ ಮಟ್ಟಿಗೆ. ಮೇಲಿನಿಂದ ಸದ್ದು ಕೇಳಿ ಕೆಳಮನೆಯವನು ಹತ್ತಿ ಬಂದ. ಹುಡುಗಿಯೂ ಅಷ್ಟರಲ್ಲಿ ವಾಪಸ್ ಬಂದು ಬಾಗಿಲು ತೆಗೆದಳು. ಒಳಗಿನಿಂದ ಒಬ್ಬ ಗಂಡಸು ಏನೂ ಆಗಿಲ್ಲವೆಂಬಂತೆ ನಡೆದು ಬಂದು, ಇಬ್ಬರನ್ನೂ ದಾಟಿ ಮೆಟ್ಟಿಲಿಳಿದು ಹೋದ. ಊಟದ ಕೋಣೆಯಲ್ಲಿ ಮುದುಕಿ ಬಿದ್ದಿದ್ದರು, ತಲೆ ಜಜ್ಜಿಹೋಗಿತ್ತು. ಮನೆ ತುಂಬಾ ಒಡವೆ ಇದ್ದರೂ ಕಾಣೆಯಾಗಿದ್ದು ಒಂದೇ ಒಂದು ವಜ್ರದ ಬ್ರೂಚ್, ಅಂದರೆ ಬಟ್ಟೆಗೆ ಚುಚ್ಚಿಕೊಳ್ಳುವ ಒಡವೆ.

ಸ್ಲೇಟರ್ ಜರ್ಮನಿಯಿಂದ ಬಂದ ಯಹೂದಿ. ಜೂಜು, ಸುಳ್ಳು ಹೆಸರುಗಳು, ಒಟ್ಟಿನಲ್ಲಿ ಪೊಲೀಸರ ಕಣ್ಣಿಗೆ ಕೆಟ್ಟದಾಗಿ ಕಾಣುವ ಬದುಕು. ಅವನು ಬ್ರೂಚ್ ಒಂದರ ಗಿರವಿ ಚೀಟಿ ಮಾರಲು ಓಡಾಡುತ್ತಿದ್ದಾನೆ ಎಂಬ ಸುಳಿವು ಸಿಕ್ಕಿತು. ವಿಚಾರಿಸಿದರೆ ಆ ಬ್ರೂಚೇ ಬೇರೆ. ಅದನ್ನು ಗಿರವಿ ಇಟ್ಟಿದ್ದು ಕೊಲೆಗೆ ಎಷ್ಟೋ ವಾರ ಮುಂಚೆ. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಅಷ್ಟೊತ್ತಿಗೆ ಅವನು ಅಮೆರಿಕದ ಹಡಗು ಹತ್ತಿದ್ದ. ತಪ್ಪಿಸಿಕೊಂಡು ಓಡಿದ ಎಂದರು. ಹಠ ಹಿಡಿಯದೆ ತಾನಾಗಿಯೇ ವಾಪಸ್ ಬಂದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1909ರ ಮೇ ತಿಂಗಳಲ್ಲಿ ಗಲ್ಲು ಶಿಕ್ಷೆಯಾಯಿತು. ಹದಿನೈದು ಜನರ ಜ್ಯೂರಿಯಲ್ಲಿ ತಪ್ಪಿತಸ್ಥ ಎಂದವರು ಒಂಬತ್ತೇ ಮಂದಿ, ಆದರೂ ಅಲ್ಲಿನ ಕಾನೂನಿಗೆ ಅಷ್ಟು ಸಾಕಿತ್ತು. ಗಲ್ಲಿಗೆ ಎರಡು ದಿನ ಉಳಿದಿದ್ದಾಗ ಜೀವಾವಧಿಗೆ ಇಳಿಸಿದರು.

ಶೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ 1912ರಲ್ಲಿ ಈ ಪ್ರಕರಣದ ಮೇಲೆ ಒಂದು ಕಿರುಪುಸ್ತಕ ಬರೆದ. ಭೂತಗನ್ನಡಿ ಹಿಡಿದು ಓಡಾಡಿದ ಅಂತ ಅಂದುಕೊಳ್ಳಬೇಡಿ. ಅವನು ಮುಖ್ಯವಾಗಿ ಮಾಡಿದ್ದು ವಿಚಾರಣೆಯ ದಾಖಲೆಯನ್ನು ಮೈಯೆಲ್ಲಾ ಕಣ್ಣಾಗಿ ಓದಿದ್ದು. ಬಾಗಿಲು ಒಡೆದಿಲ್ಲ, ಹಾಗಾದರೆ ಮುದುಕಿಯೇ ತೆಗೆದರಾ? ಅಂದರೆ ಬಂದವನು ಪರಿಚಯದವನಾ? ಕಾಗದಪತ್ರದ ಪೆಟ್ಟಿಗೆ ಒಡೆದು ಚೆಲ್ಲಾಡಿದೆ, ಎದುರಿಗಿದ್ದ ಒಡವೆ ಹಾಗೇ ಇದೆ. ಅವನಿಗೆ ಬೇಕಿದ್ದದ್ದು ಕಾಗದವಾ? ಸ್ಲೇಟರ್‌ಗೂ ಈ ಮುದುಕಿಗೂ ಪರಿಚಯವಿತ್ತು ಎಂದು ಯಾರಾದರೂ ತೋರಿಸಿದರಾ? ಇಷ್ಟೇ ಪ್ರಶ್ನೆಗಳು. ಉತ್ತರ ಸರ್ಕಾರದ ಕಡೆಯಿಂದ ಬರಲಿಲ್ಲ.

ಆಮೇಲಿನದು ದೊಡ್ಡ ಕಥೆ. ಜಾನ್ ಟ್ರೆಂಚ್ ಎಂಬ ಪತ್ತೇದಾರ, ಕೆಲಸದ ಹುಡುಗಿ ಆ ರಾತ್ರಿಯೇ ಬೇರೊಬ್ಬನ ಹೆಸರು ಹೇಳಿದ್ದಳು ಎಂದು 1914ರಲ್ಲಿ ಬಾಯಿಬಿಟ್ಟು ಕೆಲಸ ಕಳೆದುಕೊಂಡ. 1925ರಲ್ಲಿ ಬಿಡುಗಡೆಯಾದ ಒಬ್ಬ ಕೈದಿ ಸ್ಲೇಟರ್ ಬರೆದ ಪುಟ್ಟ ಚೀಟಿಯನ್ನು ಬಾಯೊಳಗೆ ಅಡಗಿಸಿಕೊಂಡು ಡಾಯ್ಲ್‌ಗೆ ತಲುಪಿಸಿದ. ಡಾಯ್ಲ್ ಮತ್ತೆ ಬೆನ್ನು ಹತ್ತಿದ. ಸ್ಲೇಟರ್ 1927ರಲ್ಲಿ ಹೊರಬಂದ, 1928ರಲ್ಲಿ ಶಿಕ್ಷೆ ರದ್ದಾಯಿತು, 6,000 ಪೌಂಡ್ ಪರಿಹಾರ ಸಿಕ್ಕಿತು. ತಮಾಷೆ ಎಂದರೆ, ಕೊನೆಗೆ ಖರ್ಚಿನ ಹಣ ವಾಪಸ್ ಕೊಡಲಿಲ್ಲವೆಂದು ಡಾಯ್ಲ್‌ಗೂ ಅವನಿಗೂ ಜಗಳವಾಯಿತು! ಗಿಲ್‌ಕ್ರಿಸ್ಟ್ ಅವರನ್ನು ಕೊಂದವರು ಯಾರು ಎನ್ನುವುದು ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ.

ಇದಕ್ಕೂ ಒಂದೂವರೆ ಶತಮಾನ ಮುಂಚೆ ಫ್ರಾನ್ಸಿನಲ್ಲಿ ಲೇಖಕ ವೋಲ್ಟೇರ್ ಮಾಡಿದ್ದೂ ಇದನ್ನೇ. 1761ರ ಅಕ್ಟೋಬರಿನಲ್ಲಿ ಟುಲೂಸ್ ನಗರದ ಬಟ್ಟೆ ವ್ಯಾಪಾರಿ ಜಾನ್ ಕಲಾಸ್ ಎಂಬವನ ಮಗ ಅಂಗಡಿಯಲ್ಲಿ ಹೆಣವಾಗಿ ಸಿಕ್ಕಿದ. ಮನೆಯವರು ಪ್ರಾಟೆಸ್ಟಂಟರು. ಮಗ ಕ್ಯಾಥೊಲಿಕ್ ಆಗಲು ಹೊರಟಿದ್ದಕ್ಕೆ ಅಪ್ಪನೇ ಕೊಂದ ಎಂಬ ಗುಲ್ಲೆದ್ದಿತು. 1762ರ ಮಾರ್ಚ್‌ನಲ್ಲಿ ಆ ಮುದುಕನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ವೋಲ್ಟೇರ್ ಮೊದಲು ಲೇವಡಿ ಮಾಡಿದವನೇ. ಆಮೇಲೆ ಇನ್ನೊಬ್ಬ ಮಗನನ್ನು ಕಂಡು ಮಾತಾಡಿದ, ಮನಸ್ಸು ಬದಲಾಯಿಸಿದ, ವಿಷಯ ಕೆದಕಿದ. 1765ರಲ್ಲಿ ತೀರ್ಪು ಬಿದ್ದುಹೋಯಿತು. ತಾನು ಮೊದಲು ತಪ್ಪು ತಿಳಿದಿದ್ದೆ ಎಂದು ಹಿಂದೆ ಸರಿಯುವ ಲೇಖಕನ ಮೇಲೆ ನನಗೆ ಗೌರವ ಜಾಸ್ತಿ.

ಹೀಗ್ಯಾಕೆ ಅಂತ ಯೋಚಿಸಿದ್ದೇನೆ. ಒಬ್ಬ ಕೊಂದಿಲ್ಲ ಎನ್ನಲು ಒಂದು ಗಟ್ಟಿ ಸಂಗತಿ ಸಾಕು, ಗಿರವಿ ಚೀಟಿಯ ತಾರೀಕಿನ ಹಾಗೆ. ಕೊಂದ ಎನ್ನಲು ಸರಪಳಿಯ ಒಂದು ಕೊಂಡಿಯೂ ತಪ್ಪಬಾರದು. ನೂರು ವರ್ಷದ ಮೇಲೆ ಸರಪಳಿ ಎಲ್ಲಿ ಉಳಿದಿರುತ್ತದೆ? ಸಾಕ್ಷಿಗಳು ಸತ್ತಿರುತ್ತಾರೆ, ಕಡತ ಗೆದ್ದಲು ತಿಂದಿರುತ್ತದೆ, ಇಲ್ಲವೇ ಯಾರೋ ನೆನಪಿಗೆಂದು ಮನೆಗೆ ಒಯ್ದಿರುತ್ತಾರೆ.

ಜ್ಯಾಕ್ ದಿ ರಿಪ್ಪರ್ ವಿಷಯದಲ್ಲಿ ಆಗಿರುವುದು ಇದೇ. 1888ರ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಲಂಡನ್ನಿನ ವೈಟ್‌ಚಾಪೆಲ್ ಸುತ್ತಮುತ್ತ ಐದು ಹೆಂಗಸರ ಕೊಲೆಯಾಯಿತು. ಲಂಡನ್ ಸಿಟಿ ಪೊಲೀಸರ ಕಾಗದಗಳಲ್ಲಿ ಬಹುಪಾಲು ಎರಡನೇ ಮಹಾಯುದ್ಧದ ಬಾಂಬಿಗೆ ಸುಟ್ಟುಹೋದವು. ‘ಜ್ಯಾಕ್ ದಿ ರಿಪ್ಪರ್’ ಎಂಬ ಹೆಸರು ಬಂದಿದ್ದೇ ಒಂದು ಸುದ್ದಿ ಸಂಸ್ಥೆಗೆ ಬಂದ ಪತ್ರದಿಂದ. ಅದನ್ನು ಬರೆದವನು ಪತ್ರಕರ್ತನೇ ಎಂಬ ಗುಮಾನಿ ಪೊಲೀಸರಿಗೇ ಇತ್ತು. ಎಷ್ಟೋ ಪುಸ್ತಕಗಳು ಮೆಲ್ವಿಲ್ ಮೆಕ್‌ನಾಟನ್ ಎಂಬ ಅಧಿಕಾರಿ 1894ರಲ್ಲಿ ಬರೆದ ಟಿಪ್ಪಣಿಯ ಮೇಲೆ ನಿಂತಿವೆ. ಅವನು ಇಲಾಖೆ ಸೇರಿದ್ದೇ ಕೊಲೆಗಳ ಮಾರನೇ ವರ್ಷ. ಟಿಪ್ಪಣಿಯಲ್ಲಿ ಮೂರು ಹೆಸರು ಕೊಟ್ಟ. ಒಬ್ಬನನ್ನು ನಲವತ್ತೊಂದು ವಯಸ್ಸಿನ ಡಾಕ್ಟರ್ ಎಂದ, ಅವನು ಮೂವತ್ತೊಂದರ ವಕೀಲ, ಜತೆಗೆ ಮೇಷ್ಟರು. ಇನ್ನೊಬ್ಬ ಆ ಹೊತ್ತಿಗೆ ಫ್ರಾನ್ಸಿನ ಜೈಲಿನಲ್ಲಿದ್ದ ಎಂದು ಬಹಳ ಕಾಲದ ಮೇಲೆ ಗೊತ್ತಾಯಿತು.

ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ಪೆಟ್ರಿಷಿಯಾ ಕಾರ್ನ್‌ವೆಲ್, ಚಿತ್ರಕಾರ ವಾಲ್ಟರ್ ಸಿಕರ್ಟ್ ಮೇಲೆ ಬೆರಳು ಮಾಡಿ 2002ರಲ್ಲಿ ಪುಸ್ತಕ ತಂದರು. ಅವನ ಚಿತ್ರಗಳನ್ನು ಕೊಂಡು ಪರೀಕ್ಷೆ ಮಾಡಿಸಲು ಸುರಿದ ಹಣಕ್ಕೆ ಲೆಕ್ಕವಿಲ್ಲ. ಅದನ್ನು ಓದುವಾಗ ನಾನು ಪೂರ್ತಿ ಒಲಿದುಬಿಟ್ಟಿದ್ದೆ, ಒಪ್ಪಿಕೊಳ್ಳುತ್ತೇನೆ. ಆಮೇಲೆ ತಲೆಗೆ ಬಂತು. ರಿಪ್ಪರ್ ಹೆಸರಿನ ಯಾವುದೋ ಪತ್ರ ಸಿಕರ್ಟನೇ ಬರೆದದ್ದು ಅಂತಲೇ ಇಟ್ಟುಕೊಳ್ಳಿ. ಅಂಥ ಪತ್ರಗಳು ನೂರಾರು ಬಂದಿದ್ದವು, ಬಹುತೇಕ ಕಿಡಿಗೇಡಿಗಳವು. ಪತ್ರ ಬರೆದವನು ಕೊಂದವನಾಗುವುದು ಹೇಗೆ? ಅದೂ ಅಲ್ಲದೆ, ಕೊಲೆಗಳು ನಡೆಯುತ್ತಿದ್ದ ಹೊತ್ತಿನ ಬಹುಭಾಗ ಅವನು ಫ್ರಾನ್ಸಿನಲ್ಲಿದ್ದ ಎಂದು ಅವನ ಮನೆಯವರ ಪತ್ರಗಳು ಸೂಚಿಸುತ್ತವೆ. 2014ರಲ್ಲಿ, ಸತ್ತ ಐವರಲ್ಲಿ ಒಬ್ಬಳಾದ ಕ್ಯಾಥರಿನ್ ಎಡೋಸ್ ಬಳಿ ಸಿಕ್ಕಿದ್ದು ಎನ್ನಲಾದ ಒಂದು ಶಾಲಿನ ಡಿಎನ್‌ಎ ಹಿಡಿದುಕೊಂಡು ಇನ್ನೊಬ್ಬರು ಬಂದರು. ಅವಳ ಬಳಿ ಇದ್ದ ಪ್ರತಿ ಚಿಂದಿಯ ಪಟ್ಟಿಯನ್ನೂ ಆವತ್ತಿನ ಪೊಲೀಸರು ಬರೆದಿಟ್ಟಿದ್ದಾರೆ. ಅದರಲ್ಲಿ ಆ ಶಾಲೇ ಇಲ್ಲ.

ಅದೇ ಪ್ರಕರಣದಲ್ಲಿ ನಿಜವಾಗಿ ಹೊಸದನ್ನು ಹೇಳಿದ್ದು ಕೊಲೆಗಾರನನ್ನು ಹುಡುಕದ ಹ್ಯಾಲಿ ರೂಬೆನ್‌ಹೋಲ್ಡ್. 2019ರ ಅವರ ಪುಸ್ತಕ ಸತ್ತ ಐವರ ಬದುಕನ್ನು ಹುಡುಕಿಕೊಂಡು ಹೋಗುತ್ತದೆ. ಒಬ್ಬಾಕೆಯ ಗಂಡ ಮುದ್ರಣದ ಕೆಲಸದವನು, ಇನ್ನೊಬ್ಬಾಕೆ ಸ್ವೀಡನ್‌ನಿಂದ ಬಂದು ಗಂಡನ ಜತೆ ಕಾಫಿ ಅಂಗಡಿ ಇಟ್ಟವಳು. ಐವರಲ್ಲಿ ಮೂವರು ವೇಶ್ಯೆಯರು ಎನ್ನಲು ಪುರಾವೆಯೇ ಇಲ್ಲ ಎನ್ನುವುದು ಅವರ ವಾದ. ಅದನ್ನು ಒಪ್ಪದವರೂ ಇದ್ದಾರೆ, ಜೋರು ಜಗಳವೇ ನಡೆದಿದೆ. ಆದರೂ ನೂರಮೂವತ್ತು ವರ್ಷ ಎಲ್ಲರೂ ಸಲೀಸಾಗಿ ನುಂಗಿದ್ದ ಮಾತನ್ನು ಅವರು ಮತ್ತೆ ತಟ್ಟೆಗೆ ತಂದರು.

ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಕೂಡ ಈ ಆಟ ಆಡಿ ನೋಡಿದವನೇ. 1841ರಲ್ಲಿ ಹಡ್ಸನ್ ನದಿಯಲ್ಲಿ ಹೆಣವಾಗಿ ಸಿಕ್ಕ ಮೇರಿ ರಾಜರ್ಸ್ ಎಂಬ ಹುಡುಗಿಯ ಸಾವನ್ನು ಪ್ಯಾರಿಸ್ಸಿನ ಕಥೆ ಮಾಡಿ, ಬರೀ ಪತ್ರಿಕೆ ಓದಿಯೇ ಬಿಡಿಸುತ್ತೇನೆ ಎಂದು ಕಂತುಗಳಲ್ಲಿ ಬರೆದ. ನಡುವೆ ಬೇರೆಯೇ ಸುದ್ದಿ ಹೊರಬಿತ್ತು, ಗರ್ಭಪಾತ ಮಾಡಿಸಲು ಹೋಗಿ ಸತ್ತಳು ಅಂತ. ಪುಸ್ತಕವಾಗುವಾಗ ಅಲ್ಲಲ್ಲಿ ನಾಜೂಕಾಗಿ ತಿದ್ದಿ, ತನಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ ಮಾಡಿಕೊಂಡ.

ಹಾಗಂತ ಹಳೆಯ ಕಡತದಿಂದ ಹೊಸದೇನೂ ಬರುವುದೇ ಇಲ್ಲ ಅಂತಲ್ಲ. ಅಮೆರಿಕದ ಓಕ್ಲಹೋಮಾದಲ್ಲಿ 1920ರ ದಶಕದಲ್ಲಿ ಓಸೇಜ್ ಬುಡಕಟ್ಟಿನವರನ್ನು ಒಬ್ಬೊಬ್ಬರಾಗಿ ಕೊಂದರು. ಅವರ ನೆಲದಡಿ ಎಣ್ಣೆ ಇತ್ತು, ಅದರ ಪಾಲಿನ ಹಣಕ್ಕಾಗಿ. ವಿಲಿಯಂ ಹೇಲ್ ಎಂಬ ದನಗಳ ಸಾಹುಕಾರ ಜೈಲಿಗೆ ಹೋದ, ಎಫ್‌ಬಿಐ ತನ್ನ ಬೆನ್ನು ತಟ್ಟಿಕೊಂಡಿತು. ದಶಕಗಳ ಮೇಲೆ ಪತ್ರಕರ್ತ ಡೇವಿಡ್ ಗ್ರ್ಯಾನ್ ಟೆಕ್ಸಸ್ಸಿನ ಒಂದು ದಾಖಲೆ ಸಂಗ್ರಹದಲ್ಲಿ ಕೂತು ಹಳೆಯ ಲೆಕ್ಕದ ಪುಸ್ತಕವೊಂದನ್ನು ತೆರೆದರು. ಓಸೇಜರ ಆಸ್ತಿಗೆ ಸರ್ಕಾರ ಬಿಳಿಯರನ್ನು ಪೋಷಕರಾಗಿ ನೇಮಿಸುತ್ತಿತ್ತು. ಯಾವ ಪೋಷಕನ ಕೈಕೆಳಗೆ ಯಾರಿದ್ದರು ಎಂಬ ಪಟ್ಟಿ ಅದು. ಹೆಸರುಗಳ ಪಕ್ಕದಲ್ಲಿ ಮತ್ತೆ ಮತ್ತೆ ಒಂದೇ ಪದ, ‘ಸತ್ತಿದ್ದಾರೆ’. ಅಧಿಕೃತ ಲೆಕ್ಕ ಇಪ್ಪತ್ತನಾಲ್ಕು ಕೊಲೆ. ನಿಜ ಅದಕ್ಕಿಂತ ಬಹಳ ಜಾಸ್ತಿ ಎಂದು ಆ ಪಟ್ಟಿ ನೋಡಿದವರಿಗೆ ಅನಿಸದೆ ಇರುವುದಿಲ್ಲ. ಇಲ್ಲೂ ಗಮನಿಸಿ, ಅವರು ಹೊಸ ಕೊಲೆಗಾರನನ್ನು ಹಿಡಿದು ತಂದದ್ದಕ್ಕಿಂತ, ಮುಗಿಯಿತು ಎಂದು ಮುಚ್ಚಿದ್ದ ಕಡತ ಮುಗಿದಿಲ್ಲ ಎಂದು ತೋರಿಸಿದ್ದು ದೊಡ್ಡದು.

ನಂಬುವುದು ಹೇಗೆ ಎಂದಿರಿ. ನಾನು ಮೊದಲು ನೋಡುವುದು, ಲೇಖಕ ತನ್ನ ವಾದಕ್ಕೆ ಅಡ್ಡ ಬರುವ ಸಂಗತಿಯನ್ನು ಎಲ್ಲಿಟ್ಟಿದ್ದಾನೆ ಅಂತ. ಎದುರಿಗೇ ಇಟ್ಟಿದ್ದರೆ ಒಳ್ಳೆಯದು. ಹಿಂದಿನ ಪುಟಗಳ ಸಣ್ಣಕ್ಷರದಲ್ಲಿ ಹುದುಗಿಸಿದ್ದರೆ ಹುಷಾರು. ಎರಡನೆಯದು, ಸತ್ತವರ ಮನಸ್ಸಿನೊಳಗೆ ಹೊಕ್ಕು ಬರೆಯುವುದು. ‘ಕಿಟಕಿಯಾಚೆ ನೋಡುತ್ತಾ ಅವನಿಗೆ ಅಮ್ಮ ನೆನಪಾದಳು’ ಎಂದಿದ್ದರೆ, ನಿಮಗೆ ಹೇಗ್ರೀ ಗೊತ್ತಾಯಿತು ಅಂತ ಕೇಳಬೇಕು. ಟ್ರೂಮನ್ ಕಪೋಟಿ, ಕಾನ್ಸಸ್‌ನಲ್ಲಿ 1959ರಲ್ಲಿ ನಡೆದ ಒಂದೇ ಮನೆಯ ನಾಲ್ವರ ಕೊಲೆಯ ಬಗ್ಗೆ ಬರೆದ ಹೆಸರಾಂತ ಪುಸ್ತಕದ ಕೊನೆಯ ಸ್ಮಶಾನದ ದೃಶ್ಯ ಕಟ್ಟಿದ್ದು. ಎಲ್ಲವೂ ನಿಜ ಎಂದು ಹೇಳಿಕೊಂಡ ಪುಸ್ತಕ ಅದು! ಬರವಣಿಗೆ ಮಾತ್ರ ಅದ್ಭುತ, ಅದೇ ತೊಂದರೆ.

ಸಮಯವಿದ್ದರೆ ಮೂಲವನ್ನೇ ಓದಿ. ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರವರೆಗಿನ ಸುಮಾರು ಎರಡು ಲಕ್ಷ ವಿಚಾರಣೆಗಳ ವರದಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಯಾವುದಾದರೂ ಒಂದನ್ನು ತೆಗೆದು ಸಾಕ್ಷಿಗಳ ಮಾತನ್ನೇ ಓದಿ.

ಪುಸ್ತಕವೇ ಬೇಕೆಂದರೆ ಕೇಟ್ ಸಮ್ಮರ್‌ಸ್ಕೇಲ್ ಅವರು ರೋಡ್ ಹಿಲ್ ಹೌಸ್ ಕೊಲೆಯ ಮೇಲೆ 2008ರಲ್ಲಿ ಬರೆದದ್ದರಿಂದ ಶುರು ಮಾಡಿ. 1860ರ ಜೂನ್ 29ರ ರಾತ್ರಿ, ಇಂಗ್ಲೆಂಡಿನ ವಿಲ್ಟ್‌ಶೈರ್. ಇನ್ನೂ ನಾಲ್ಕು ತುಂಬದ ಸ್ಯಾವಿಲ್ ಕೆಂಟ್ ಎಂಬ ಮಗುವನ್ನು ತೊಟ್ಟಿಲಿಂದ ಎತ್ತಿಕೊಂಡು ಹೋಗಿ ಕೊಂದು ಹೊರಗಿನ ಕಕ್ಕಸಿಗೆ ಹಾಕಿದ್ದರು. ಲಂಡನ್ ಪೊಲೀಸರ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡ್‌ನ ಪತ್ತೇದಾರ ಜ್ಯಾಕ್ ವಿಚರ್ ಬಂದಿದ್ದು ಎರಡು ವಾರದ ಮೇಲೆ. ಅವನು ಹಿಡಿದದ್ದು ಬಟ್ಟೆ ಒಗೆಯಲು ಹಾಕಿದ ಲೆಕ್ಕವನ್ನು. ಮಗುವಿನ ಮಲಸಹೋದರಿ, ಹದಿನಾರರ ಕಾನ್‌ಸ್ಟೆನ್ಸ್‌ಳ ಮೂರು ರಾತ್ರಿ ಉಡುಪುಗಳಲ್ಲಿ ಒಂದು ಇರಲಿಲ್ಲ. ಕೊಲೆಯ ನಂತರ ಒಗೆಯುವ ಬುಟ್ಟಿಗೆ ಬಟ್ಟೆ ತುಂಬುವಾಗ ಅವಳು ಕೆಲಸದವಳನ್ನು ಒಂದು ಲೋಟ ನೀರು ತಾ ಎಂದು ಕಳಿಸಿದ್ದಳು. ಆ ಗಳಿಗೆಯಲ್ಲಿ ಉಡುಪನ್ನು ಬುಟ್ಟಿಯಿಂದ ವಾಪಸ್ ತೆಗೆದು, ಅಗಸಗಿತ್ತಿ ಕಳೆದಳು ಎನಿಸುವಂತೆ ಮಾಡಿದಳು ಎನ್ನುವುದು ವಿಚರ್‌ನ ಲೆಕ್ಕಾಚಾರ. ಯಾರೂ ನಂಬಲಿಲ್ಲ. ದೊಡ್ಡ ಮನೆಯ ಹುಡುಗಿಯ ಮೇಲೆ ಬೆರಳು ಮಾಡಿದ ಪೊಲೀಸಿನವನು ಎಂದು ಅವನ ಹೆಸರೇ ಕೆಟ್ಟಿತು.

1865ರಲ್ಲಿ ಅವಳೇ ಬಂದು ತಪ್ಪೊಪ್ಪಿಕೊಂಡಳು. ಯಾರ ನೆರವೂ ಇಲ್ಲದೆ ಒಬ್ಬಳೇ ಮಾಡಿದೆ ಎಂದಳು. ತಮ್ಮ ವಿಲಿಯಂನನ್ನು ಉಳಿಸಲು ಹಾಗೆ ಹೇಳಿದಳೇ ಎಂಬ ಸಂಶಯವನ್ನು ಸಮ್ಮರ್‌ಸ್ಕೇಲ್ ಎತ್ತುತ್ತಾರೆ, ತೀರ್ಪು ಕೊಡುವ ಗೋಜಿಗೆ ಹೋಗುವುದಿಲ್ಲ. ಇಪ್ಪತ್ತು ವರ್ಷ ಜೈಲಿನಲ್ಲಿದ್ದು ಕಾನ್‌ಸ್ಟೆನ್ಸ್ 1885ರಲ್ಲಿ ಹೊರಬಂದಳು, ಆಸ್ಟ್ರೇಲಿಯಾಗೆ ಹೋಗಿ ನರ್ಸ್ ಆದಳು. 1944ರಲ್ಲಿ ನೂರು ತುಂಬಿದ ಎರಡು ತಿಂಗಳಿಗೆ ತೀರಿಕೊಂಡಾಗ ಅವಳ ಹೆಸರು ರೂತ್ ಎಮಿಲಿ ಕೇ.