ಫೇಸ್‌ಬುಕ್ ಇರುವಾಗ ಬ್ಲಾಗ್ ಯಾಕೆ ಸ್ವಾಮಿ?

ಪ್ರ: ನಾನು ನಿವೃತ್ತ ಮೇಷ್ಟ್ರು. ನಮ್ಮ ಕಡೆಯ ಸೊಪ್ಪು, ಗೆಡ್ಡೆ, ಕಾಡುಹಣ್ಣುಗಳ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆಯುತ್ತೇನೆ. ಲೈಕು ಚೆನ್ನಾಗಿಯೇ ಬರುತ್ತದೆ. ಮಗಳು ಬ್ಲಾಗ್ ಮಾಡಿ ಅಂತಾಳೆ. ಈ ಕಾಲದಲ್ಲಿ ಬ್ಲಾಗ್ ಓದುವವರು ಇದ್ದಾರಾ?
– ಓದುಗರೊಬ್ಬರು, ಸಾಗರ

ಉ: ಕಮ್ಮಿ ಇದ್ದಾರೆ ಮೇಷ್ಟ್ರೇ. ಸುಳ್ಳು ಹೇಳಿ ನಿಮ್ಮನ್ನು ಹುರಿದುಂಬಿಸುವುದಿಲ್ಲ. ಫೇಸ್‌ಬುಕ್‌ನಲ್ಲಿ ಸಂಜೆ ಹಾಕಿದ್ದಕ್ಕೆ ರಾತ್ರಿ ಊಟದ ಹೊತ್ತಿಗೆ ನೂರು ಲೈಕು ಬಂದಿರುತ್ತದೆ. ಬ್ಲಾಗಿಗೆ ಮೊದಲ ಕೆಲವು ತಿಂಗಳು ಬರುವವರು ನೀವು, ನಿಮ್ಮ ಮಗಳು, ದಾರಿ ತಪ್ಪಿ ಬಂದ ಇನ್ನೊಬ್ಬರು, ಅಷ್ಟೇ. ಆದರೂ ಮಗಳ ಮಾತು ಕೇಳಿ.

ಒಂದು ಕೆಲಸ ಮಾಡಿ ನೋಡಿ. ಮೂರು ವರ್ಷದ ಹಿಂದೆ ಮುರುಗಲ ಹಣ್ಣಿನ ಬಗ್ಗೆ ಬರೆದಿದ್ದಿರಿ ಅಂದುಕೊಳ್ಳಿ, ಅದನ್ನು ಈಗ ನಿಮ್ಮ ಪುಟದಿಂದ ಹುಡುಕಿ ತೆಗೆಯಿರಿ. ನಿಮಗೇ ಬೆವರು ಇಳಿಯುತ್ತದೆ. ಇನ್ನು ಮುರುಗಲ ಬೇಕು ಅಂತ ಗೂಗಲ್‌ನಲ್ಲಿ ಹುಡುಕುವ ಯಾರೋ ಅಪರಿಚಿತರಿಗೆ, ಅದೂ ಫೇಸ್‌ಬುಕ್ ಖಾತೆಯೇ ಇಲ್ಲದವರಿಗೆ, ಅದು ಸಿಗುವುದು ಎಲ್ಲಿಂದ? ಬ್ಲಾಗಿನಲ್ಲಿ ಒಂದೊಂದು ಬರಹಕ್ಕೂ ಅದರದೇ ವಿಳಾಸ ಇರುತ್ತದೆ, ತಾರೀಕು ಇರುತ್ತದೆ, ಹಳೆಯದು ಅಂತ ಯಾರೂ ಅದನ್ನು ಕೆಳಗೆ ತಳ್ಳುವುದಿಲ್ಲ. ನೀವು ಬರೆಯುತ್ತಿರುವುದು ಈ ವರ್ಷ ಓದಿದರೂ ಹತ್ತು ವರ್ಷ ಬಿಟ್ಟು ಓದಿದರೂ ಕೆಲಸಕ್ಕೆ ಬರುವಂಥದ್ದು. ಗಣೇಶ ಹಬ್ಬದ ಶುಭಾಶಯ ಆಗಿದ್ದರೆ ಫೇಸ್‌ಬುಕ್ ಸಾಕು ಅನ್ನುತ್ತಿದ್ದೆ.

ಶುರು ಮಾಡಲು ಬ್ಲಾಗರ್ ಅನ್ನುವ ತಾಣ ಸಾಕು. 1999ರಲ್ಲಿ ಹುಟ್ಟಿದ್ದು, 2003ರಲ್ಲಿ ಗೂಗಲ್ ಕೊಂಡುಕೊಂಡಿತು, ಈಗಲೂ ಪುಕ್ಕಟೆ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಖರ್ಚು ಮಾಡಿ ಸ್ವಂತ ಡೊಮೇನ್ ಹೆಸರು, ಅಂದರೆ ಅಂತರ್ಜಾಲದಲ್ಲಿ ನಿಮ್ಮದೇ ವಿಳಾಸ, ತಗೊಂಡು ಅದಕ್ಕೆ ಜೋಡಿಸಿ. ಇದೊಂದು ವಿಷಯದಲ್ಲಿ ನಾನು ಹಟಮಾರಿ. ನಾಳೆ ಬ್ಲಾಗರ್ ಬಿಟ್ಟು ವರ್ಡ್‌ಪ್ರೆಸ್ ಅನ್ನುವ ಇನ್ನೊಂದು ಬ್ಲಾಗ್ ವ್ಯವಸ್ಥೆಗೆ ಹೋದರೂ ಓದುಗರಿಗೆ ಗೊತ್ತಿರುವ ವಿಳಾಸ ಬದಲಾಗುವುದಿಲ್ಲ. ಡೊಮೇನ್ ನವೀಕರಣದ ತಾರೀಕು ಮಾತ್ರ ಕ್ಯಾಲೆಂಡರಿನಲ್ಲಿ ಬರೆದಿಡಿ, ಮರೆತರೆ ಬೇರೆಯವರ ಪಾಲಾಗುತ್ತದೆ.

ಫೇಸ್‌ಬುಕ್ ಬಿಡಿ ಅಂತ ನಾನು ಹೇಳುತ್ತಿಲ್ಲ. ಮೊದಲು ಬ್ಲಾಗಿನಲ್ಲಿ ಹಾಕಿ, ಆಮೇಲೆ ಅದರ ಎರಡು ಪ್ಯಾರಾ ಫೇಸ್‌ಬುಕ್‌ಗೆ. ಲಿಂಕ್ ಇರುವ ಪೋಸ್ಟನ್ನು ಅಲ್ಲಿ ಜಾಸ್ತಿ ಜನರಿಗೆ ತೋರಿಸುವುದಿಲ್ಲ ಅಂತ ಬರೆಯುವವರೆಲ್ಲ ಗೊಣಗುತ್ತಾರೆ. ‘ಲಿಂಕ್ ಮೊದಲ ಕಾಮೆಂಟಿನಲ್ಲಿದೆ’ ಅನ್ನುವ ಸರ್ಕಸ್ ಅದಕ್ಕೇ.

ಪ್ರ: ಒಂದು ಆ್ಯಪ್‌ನಲ್ಲಿ ಚುಟುಕ ಬರೆಯುತ್ತಿದ್ದೆ. ಅದು ಮುಚ್ಚಿತು. ನನ್ನ ಹತ್ತಿರ ಪ್ರತಿ ಇಲ್ಲ. ಏನಾದರೂ ದಾರಿ ಇದೆಯಾ?
– ಓದುಗರೊಬ್ಬರು, ಹುಬ್ಬಳ್ಳಿ

ಉ: ಯಾವ ಆ್ಯಪ್ ಅಂತ ನೀವು ಬರೆದಿಲ್ಲ. ಊಹಿಸೋಣ ಅಂದರೆ ಪಟ್ಟಿ ಉದ್ದ ಇದೆ. ಜಿಯೋಸಿಟೀಸ್ 2009ರಲ್ಲಿ ಹೋಯಿತು, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ನಮ್ಮ ಬೆಂಗಳೂರಿನ ‘ಕೂ’ ಆ್ಯಪ್ 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾಗಿತ್ತು, ಅದೂ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಕಂಪನಿಗೆ ದುಡ್ಡು ಸಾಲದಿದ್ದರೆ ಮುಚ್ಚುತ್ತದೆ, ನಿಮ್ಮ ಚುಟುಕ ಎಷ್ಟು ಚೆನ್ನಾಗಿತ್ತು ಅಂತ ಯಾರೂ ನೋಡುವುದಿಲ್ಲ.

ಒಂದೇ ಒಂದು ಆಸೆ, ಹಳೆಯ ವೆಬ್ ಪುಟಗಳ ಪ್ರತಿ ತೆಗೆದಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ನಿಮ್ಮ ಹಳೆಯ ಪುಟದ ವಿಳಾಸ ನೆನಪಿದ್ದರೆ ಅಲ್ಲಿ ಹಾಕಿ ನೋಡಿ. ಸಾರ್ವಜನಿಕ ಪುಟ ಆಗಿದ್ದರೆ ಅಲ್ಲೊಂದು ಇಲ್ಲೊಂದು ಉಳಿದಿರಬಹುದು. ಲಾಗಿನ್ ಆದಮೇಲೆ ಮಾತ್ರ ಕಾಣುತ್ತಿದ್ದದ್ದು ಸಿಗುವುದಿಲ್ಲ. ಇನ್ನು ಮೊಬೈಲ್ ಗ್ಯಾಲರಿಯ ಸ್ಕ್ರೀನ್‌ಶಾಟ್, ಸ್ನೇಹಿತರಿಗೆ ಕಳಿಸಿದ ವಾಟ್ಸಾಪ್ ಮೆಸೇಜ್ ಎಲ್ಲ ಜಾಲಾಡಿ.

ಬೇರೆಯವರೂ ಕೇಳಿಸಿಕೊಳ್ಳಿ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಒತ್ತಿ ಬರಹ, ಕಾಮೆಂಟು ಎಲ್ಲ ಇಳಿಸಿಕೊಳ್ಳಬಹುದು. ಫೋಟೋಗಳನ್ನು ಬೇರೆಯಾಗಿಯೂ ಇಟ್ಟುಕೊಳ್ಳಿ. ಫೇಸ್‌ಬುಕ್‌ನಲ್ಲೂ ನಿಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡುವ ವ್ಯವಸ್ಥೆ ಇದೆ.

ಪ್ರ: ಮ್ಯಾಸ್ಟಡಾನ್ ಅಂತ ಕೇಳ್ತಾ ಇರ್ತೀನಿ. ಅದು ಇನ್ನೊಂದು ಟ್ವಿಟರ್ರಾ? ಅಲ್ಲಿ ಕನ್ನಡದವರು ಇದ್ದಾರಾ?
– ಓದುಗರೊಬ್ಬರು, ಬೆಂಗಳೂರು

ಉ: ನೋಡಲು ಟ್ವಿಟರ್ (ಈಗಿನ ಎಕ್ಸ್) ಥರವೇ, ಒಳಗಿನ ಲೆಕ್ಕ ಬೇರೆ. ಇಮೇಲ್ ನೆನಪಿಸಿಕೊಳ್ಳಿ. ನಿಮ್ಮದು ಜಿಮೇಲ್, ನಿಮ್ಮ ಅಣ್ಣನದು ಯಾಹೂ, ಆದರೂ ಪತ್ರ ಹೋಗುತ್ತದೆ ಅಲ್ವಾ? ಮ್ಯಾಸ್ಟಡಾನ್ ಕೂಡ ಹಾಗೇ, ಸಾವಿರಾರು ಸರ್ವರ್‌ಗಳು, ಅಂದರೆ ಖಾತೆಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್‌ಗಳು, ಬೇರೆ ಬೇರೆ ಜನ ನಡೆಸುವಂಥವು. ಒಂದರಲ್ಲಿ ಖಾತೆ ಇದ್ದರೆ ಇನ್ನೊಂದರಲ್ಲಿ ಇರುವವರನ್ನು ಫಾಲೋ ಮಾಡಬಹುದು. ಜರ್ಮನಿಯ ಆಯ್ಗನ್ ರೋಚ್ಕೊ 2016ರಲ್ಲಿ ಶುರು ಮಾಡಿದರು. ಸರ್ವರ್‌ಗಳು ಮಾತಾಡಿಕೊಳ್ಳುವ ಆಕ್ಟಿವಿಟಿಪಬ್ ಅನ್ನುವ ನಿಯಮಕ್ಕೆ 2018ರಲ್ಲಿ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಜಾಹೀರಾತು ಇಲ್ಲ, ಪೋಸ್ಟ್‌ಗಳು ತಾರೀಕಿನ ಕ್ರಮದಲ್ಲೇ ಬರುತ್ತವೆ.

ಭಾರತದವರು ಗುಂಪಾಗಿ ಅಲ್ಲಿಗೆ ಹೋದದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತ್ತು. ನಾಜಿ ಸೆಲ್ಯೂಟ್ ಹೊಡೆಯದೆ ಕೈಕಟ್ಟಿ ನಿಂತ ಒಬ್ಬ ಮನುಷ್ಯನ ಹಳೇ ಫೋಟೋ ಹಾಕಿದ್ದು ಅದಕ್ಕೆ ನೆಪ. ಸಿಟ್ಟಿನಿಂದ ಹೋದವರಲ್ಲಿ ಬಹಳ ಜನ ಸ್ವಲ್ಪ ದಿನಕ್ಕೇ ವಾಪಸ್ ಬಂದರು. ಜಗಳವಾಡಲು ಬೇಕಾದವರೆಲ್ಲ ಟ್ವಿಟರ್‌ನಲ್ಲೇ ಇದ್ದರಲ್ಲ!

ಕನ್ನಡದವರು ಇದ್ದಾರೆ, ಆದರೆ ತೀರಾ ಕಮ್ಮಿ. ಹೋಗುವುದಾದರೆ ಕನ್ನಡ ಹ್ಯಾಶ್‌ಟ್ಯಾಗ್ ಹಿಡಿದು ಹುಡುಕಿ, ನೀವೇ ಮೊದಲು ಮಾತಾಡಿಸಿ, ಯಾರಿಗೆ ಏನು ತೋರಿಸಬೇಕು ಅಂತ ಲೆಕ್ಕ ಹಾಕುವ ಅಲ್ಗಾರಿದಮ್ ಇಲ್ಲಿ ಯಾರನ್ನೂ ನಿಮ್ಮ ಬಾಗಿಲಿಗೆ ತಂದು ನಿಲ್ಲಿಸುವುದಿಲ್ಲ. ಸರ್ವರ್ ಆರಿಸುವಾಗ ಯಾರು ನಡೆಸುತ್ತಾರೆ, ಖರ್ಚಿಗೆ ದುಡ್ಡು ಎಲ್ಲಿಂದ ಅಂತ ನೋಡಿ. ಒಬ್ಬರೇ ಬಿಡುವಿನಲ್ಲಿ ನಡೆಸುವ ಸರ್ವರ್ ಅವರಿಗೆ ಸಾಕೆನಿಸಿದ ದಿನ ನಿಲ್ಲುತ್ತದೆ. ಅದು ನಿಲ್ಲುವ ಮೊದಲೇ ಬೇರೆ ಸರ್ವರ್‌ಗೆ ಹೋಗಬಹುದು, ಫಾಲೋ ಮಾಡುವವರೂ ಜೊತೆಗೆ ಬರುತ್ತಾರೆ, ಆದರೆ ಹಳೇ ಪೋಸ್ಟುಗಳು ಬರುವುದಿಲ್ಲ. ಹಾಗಾಗಿ ಉದ್ದ ಬರಹಕ್ಕೆ ಇಲ್ಲೂ ಬ್ಲಾಗೇ ಬೇಕು. ವರ್ಡ್‌ಪ್ರೆಸ್ ಬ್ಲಾಗನ್ನೇ ಮ್ಯಾಸ್ಟಡಾನ್‌ನಿಂದ ನೇರವಾಗಿ ಫಾಲೋ ಮಾಡುವಂತೆ ಮಾಡುವ ಪ್ಲಗಿನ್ (ಜೋಡಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್) ಇದೆ, ನನಗೆ ಜಾಸ್ತಿ ಇಷ್ಟವಾಗುವುದು ಅದೇ.

ಪ್ರ: ಸರ್ಕಾರಿ ನೌಕರಿ. ಅಡ್ಡಹೆಸರಿನಲ್ಲಿ ಬ್ಲಾಗ್ ಬರೆದರೆ ಗೊತ್ತಾಗುತ್ತಾ?
– ಹೆಸರು ಬೇಡ, ತುಮಕೂರು

ಉ: ಕಥೆ, ಕವಿತೆಗೆ ಅಡ್ಡಹೆಸರು ಸಾಕು, ನಮ್ಮಲ್ಲಿ ಅದು ಹಳೇ ರೂಢಿ. ಸರ್ಕಾರವನ್ನು ಟೀಕಿಸಿ ಬರೆಯುವುದಾದರೆ ನಡತೆ ನಿಯಮ ಅಡ್ಡ ಬರುತ್ತದೆ. ಡೊಮೇನ್ ಮಾರಿದವರ ಹತ್ತಿರ ನಿಮ್ಮ ಫೋನ್ ನಂಬರ್ ಇರುತ್ತದೆ, ಬ್ಲಾಗ್ ಇರುವುದು ನಿಮ್ಮ ಇಮೇಲ್ ಮೇಲೆ. ಪಕ್ಕದ ಟೇಬಲ್‌ನವರಿಗೆ ಗೊತ್ತಾಗದಿರಬಹುದು. ಪೊಲೀಸರು ಕೇಳಿದರೆ ಗೊತ್ತಾಗುತ್ತದೆ.

ಪ್ರ: ನಾನು ಬರೆದದ್ದು ‘ವಾಟ್ಸಾಪ್ ಕೃಪೆ’ ಅಂತ ನನಗೇ ಫಾರ್ವರ್ಡ್ ಆಗಿ ಬಂತು! ಏನು ಮಾಡಲಿ?
– ಗೃಹಿಣಿ, ಉಡುಪಿ

ಉ: ಮೊದಲು ನಕ್ಕುಬಿಡಿ, ಆಮೇಲೆ ಕಳಿಸಿದವರಿಗೆ ನಿಮ್ಮ ಮೂಲ ಬರಹದ ಲಿಂಕ್ ಕಳಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಗಳಿಗೆಯಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೆ ಮೊದಲು ಬರೆದದ್ದು ನೀವೇ ಅಂತ ತೋರಿಸಬೇಕಲ್ಲ? ವಾಟ್ಸಾಪ್ ಗುಂಪಿನಲ್ಲೇ ಮೊದಲು ಹಾಕಿದರೆ ಅದು ಕಷ್ಟ. ತಾರೀಕಿರುವ ಬ್ಲಾಗ್ ಪುಟ ಇದ್ದರೆ, ಅದನ್ನು ಅವತ್ತೇ ವೇಬ್ಯಾಕ್ ಮಷೀನ್‌ನಲ್ಲೂ ಸೇವ್ ಮಾಡಿಟ್ಟರೆ, ವಾದ ಸುಲಭ. ಇನ್ನೊಂದು ಉಪಾಯ: ನಿಮ್ಮ ಹೆಸರನ್ನು ಬರಹದ ಕೊನೆಗೆ ಹಾಕಬೇಡಿ, ಕತ್ತರಿಸುವವರು ಮೊದಲು ಕತ್ತರಿಸುವುದು ಅಲ್ಲೇ. ನಡುವೆ ಎಲ್ಲೋ ‘ನಮ್ಮತ್ತೆ ನನ್ನ ಹೆಸರು ಹಿಡಿದು ಕರೆದರು’ ಅಂತ ಒಂದು ಸಾಲಿನಲ್ಲಿ ಸೇರಿಸಿಬಿಡಿ. ಪೂರ್ತಿ ಓದದೆ ಫಾರ್ವರ್ಡ್ ಮಾಡುವವರ ಕಣ್ಣಿಗೆ ಅದು ಬೀಳುವುದಿಲ್ಲ.