ಓದು ಬಂದವರೂ ಔಷಧಿ ಚೀಟಿಯಲ್ಲಿ ಎಡವುವುದೇಕೆ?

ಚಿಕ್ಕಮಗಳೂರಿನ ಕಾಫಿ ತೋಟಗಳ ಕಡೆ ಆರೋಗ್ಯದ ತಿಳಿವಳಿಕೆ ಒಬ್ಬರಿಂದೊಬ್ಬರಿಗೆ ಇಷ್ಟು ಬದಲಾಗುವುದೇಕೆ ಎಂದು ಕೇಳಿದ್ದೀರಿ. ಅಕ್ಷರ ಬರುವುದು ಬೇರೆ, ಔಷಧಿಯ ಲೆಕ್ಕ ತಿಳಿಯುವುದು ಬೇರೆ.

ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಓಆರ್‌ಎಸ್ ಪುಡಿ ನೋಡಿ. ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದರೆ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರಿ ಅಪಾಯ. ಪೊಟ್ಟಣದ ಮೇಲೆ ಅಳತೆ ಇರುತ್ತದೆ, ಆದರೆ ಸಣ್ಣ ಅಕ್ಷರದಲ್ಲಿ. ಅದು ವಯಸ್ಸಾದವರಿಗೆ ಕಾಣದು. ತೋಟದ ಲೈನ್ ಮನೆಗಳಲ್ಲಿ (ಕೆಲಸಗಾರರ ಸಾಲು ಮನೆಗಳಲ್ಲಿ) ಇರುವ ಅಸ್ಸಾಂ ಕಡೆಯ ಕೆಲಸಗಾರರಿಗೆ ಕನ್ನಡದ ಭಿತ್ತಿಪತ್ರವೂ ಓದಲಾಗದು. ದಿನಗೂಲಿ ಬಿಟ್ಟು ಮತ್ತೆ ಬಂದು ಕೇಳುವುದೂ ಕಷ್ಟ.

ಹಾಗೆಂದು ಪದವೀಧರರು ಸುರಕ್ಷಿತರಲ್ಲ. ಬಿಪಿ ಇಳಿಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವವರು ಅವರಲ್ಲೂ ಇದ್ದಾರೆ, ಇಳಿದದ್ದು ಮಾತ್ರೆಯಿಂದಲೇ.

ಔಷಧಿ ಕೊಟ್ಟು ‘ಅರ್ಥವಾಯ್ತಾ?’ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ದಯವಿಟ್ಟು ಹಾಗೆ ಕೇಳಬೇಡಿ. ‘ಮನೇಲಿ ಹೇಗೆ ಕಲಸ್ತೀರಮ್ಮ, ತೋರಿಸಿ’ ಎನ್ನಿ. ತಪ್ಪಿದರೆ ಬೇರೆ ಮಾತಿನಲ್ಲಿ ಹೇಳಿ, ಮತ್ತೆ ಮಾಡಿಸಿ. ಚೀಟಿಯ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಪಕ್ಕದಲ್ಲಿ ಸೂರ್ಯ, ಚಂದ್ರ ಬರೆದರೆ ಯಾವ ಭಾಷೆಯವರಿಗೂ ಹೊತ್ತು ತಿಳಿಸುವುದು ಸುಲಭ.